ಸೇದಿದ್ದಲ್ಲ, ಕಟ್ಟಿದ್ದು

ಕಂಕನಾಡಿಯ ಶೋರೂಮೊಂದರಲ್ಲಿ ಏಸಿ ಮಾರುವುದು ಮುಖೇಶನ ಕೆಲಸ. ಶುದ್ಧ ಗಾಳಿ ಮನುಷ್ಯನಿಗೆ ಎಷ್ಟು ಮುಖ್ಯ ಎಂದು ದಿನವಿಡೀ ಭಾಷಣ ಬಿಗಿದು, ಸಂಜೆ ನಂತೂರಿನ ಹೆದ್ದಾರಿ ಬದಿಯ ಮನೆಗೆ ಹೋಗಿ, ಲಾರಿಗಳ ಧೂಳು ಕುಡಿಯುತ್ತ ಫ್ಯಾನಿನಡಿ ಮಲಗುವ ಪ್ರಾಣಿ. ಗಿರಾಕಿಯ ಮುಂದೆ ಹುಲಿ. ಡಾಕ್ಟರ ಮುಂದೆ ನಿಂತರೆ ಮಾತ್ರ, ಗಣಿತದಲ್ಲಿ ಫೇಲಾದ ದಿನದ ಮುಖ ತಾನಾಗಿಯೇ ಬಂದುಬಿಡುತ್ತಿತ್ತು.

ಅವನ ತಾಯಿ ಕುಶಲಾ ಹಾಗಲ್ಲ. ಯಾರೆದುರಿಗೂ ಅವಳದ್ದು ಒಂದೇ ಮುಖ. ಗೇಣಿ ಗದ್ದೆಯ ಮನೆಯಲ್ಲಿ ಹುಟ್ಟಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಅಜ್ಜಿಯ ಪಕ್ಕ ಕೂತು ಬೀಡಿ ಕಟ್ಟಲು ಕಲಿತವಳು. ಮದುವೆಯಾಗಿ ನಂತೂರಿಗೆ ಬರುವಾಗ ಸೀರೆಗಳ ಜೊತೆ ಬೀಡಿ ಕಟ್ಟುವ ಮೊರ, ತಡ್ಪೆಯನ್ನೂ ತಂದಿದ್ದಳು. ಲಾರಿ ಓಡಿಸುತ್ತಿದ್ದ ಗಂಡ ಘಟ್ಟದ ಮೇಲೆ ಇನ್ನೊಂದು ಸಂಸಾರ ಹೂಡಿದಾಗ ಅವಳು ಆಡಿದ್ದು ಒಂದೇ ಮಾತು: "ಹೋಗ್ಲಿ, ಅವನು ಸೇದುವ ಬೀಡಿಯ ನಾತವಾದ್ರೂ ತಪ್ಪಿತು." ಮಡಿಲಲ್ಲಿ ತಡ್ಪೆ, ಮೂಗಿನ ಕೆಳಗೆ ಹೊಗೆಸೊಪ್ಪಿನ ಹುಡಿ, ಬೆನ್ನ ಹಿಂದೆ ಸೌದೆ ಒಲೆ. ಕೂತಲ್ಲಿಂದಲೇ ಮಗಳ ಮದುವೆ ಮಾಡಿದಳು, ಮಗನನ್ನು ಬಿ.ಕಾಂ. ಓದಿಸಿದಳು. ಕೆಮ್ಮು ಬಂದರೆ ಕೈಯಲ್ಲಿದ್ದ ಬೀಡಿಯ ತಲೆ ಮಡಚುವವರೆಗೆ ತಡೆದು, ಆಮೇಲೆ ಕೆಮ್ಮುತ್ತಿದ್ದಳು.

ಎರಡನೇ ಸಲ ಉಸಿರು ಕಟ್ಟಿದಾಗ ಅವಳನ್ನು ನಗರದ ಒಂದು ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿಗೆ ಸೇರಿಸಿದರು. ಬೇರೆ ಊರಿನಿಂದ ಬಂದು, ಇಲ್ಲಿಯ 'ಉಂಟು' ಕಲಿತ ಖುಷಿಯಲ್ಲಿದ್ದ ಕಿರಿಯ ಡಾಕ್ಟರ್ ವಿಚಾರಿಸಲು ಬಂದ.

"ಬೀಡಿ ಉಂಟಾ ಅಮ್ಮ?"

"ಉಂಟು. ಸಣ್ಣದಿರುವಾಗಲೇ ಶುರು."

"ದಿನಕ್ಕೆ ಎಷ್ಟು?"

"ಮೊದಲು ಸಾವಿರ ಆಗ್ತಿತ್ತು. ಈಗ ಐನೂರು ಆಗುವಾಗ ಸೊಂಟ ಹೋಗ್ತದೆ."

ಡಾಕ್ಟರನ ಪೆನ್ನು ನಿಂತಿತು. ಹೆಂಗಸಿಗೆ ಉಸಿರಿನ ಜೊತೆ ಲೆಕ್ಕವೂ ತಪ್ಪಿದೆ ಎಂದುಕೊಂಡನೋ ಏನೋ, ಸಾವಿರವನ್ನು ತಾನೇ ನಂಬುವಷ್ಟಕ್ಕೆ ಇಳಿಸಿ ಬರೆದುಕೊಂಡ.

"ಅದು ಕಟ್ಟುವುದು ಸರ್, ಸೇದುವುದಲ್ಲ," ಎಂದ ಮುಖೇಶ, ಗಣಿತ ಫೇಲಾದ ಮುಖದಲ್ಲೇ.

"ಮನೆಯವರೆಲ್ಲ ಹಾಗೇ ಹೇಳುವುದು," ಎಂದು ಡಾಕ್ಟರ್ ಮುಂದಿನ ಮಂಚಕ್ಕೆ ಹೋದ.

ಅಲ್ಲಿಂದ ಕುಶಲಾಳಿಗೆ ಮದ್ದಿಗಿಂತ ಹೆಚ್ಚು ಸಿಕ್ಕಿದ್ದು ಬುದ್ಧಿವಾದ. ಮೂಗಿಗೆ ಹೊಗೆಯಂಥ ಮದ್ದು ಹಿಡಿಯಲು ಬಂದ ಸಿಸ್ಟರ್ "ಚಟ ಬಿಟ್ಟರೆ ಅರ್ಧ ಗುಣ" ಎಂದರು. ಬಾಯಿಗೆ ಒತ್ತಿಕೊಳ್ಳುವ ಪಫ್ ಕೊಟ್ಟರು. ಒತ್ತುವುದು ಹೇಗೆಂದು ಯಾರೂ ತೋರಿಸಲಿಲ್ಲ. ಮೊದಲ ಸಲ ಉಸಿರು ಕಟ್ಟಿ ಬಂದಾಗಲೂ ಹಾಗೇ ಆಗಿತ್ತು.

ಅದೇ ಆಸ್ಪತ್ರೆಯ ಎರಡು ಮಾಳಿಗೆ ಮೇಲೆ, ಸ್ಪೆಷಲ್ ವಾರ್ಡಿನಲ್ಲಿ, ಅವರ ಓಣಿಯವರೇ ಆದ ಯೂಸ್ಟೇಸ್ ಇದ್ದರು. ಬಹರೈನಿನಲ್ಲಿ ಕ್ರೇನ್ ಓಡಿಸುತ್ತ, ಸಿಗರೇಟಿನಿಂದ ಸಿಗರೇಟು ಹಚ್ಚಿದವರು. ಅವರಿಗೂ ಇದೇ ಕಾಯಿಲೆ. ಎಳನೀರು ಹಿಡಿದು ಮಾತಾಡಿಸಲು ಹೋದ ಮುಖೇಶ ಬಾಗಿಲಲ್ಲೇ ನಿಂತ. ಆನ್ಸಿ ಎಂಬ ಫಿಸಿಯೋಥೆರಪಿಸ್ಟ್ ಅವರ ಎದುರು ಕೂತು, ಬಿಸಿ ಗಂಜಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುವುದನ್ನು ಕಲಿಸುತ್ತಿದ್ದಳು. ಆಮೇಲೆ ಪಫ್. ಒತ್ತುವಾಗಲೇ ಒಳಗೆ ಎಳೆಯಬೇಕು, ಉಸಿರು ಹಿಡಿಯಬೇಕು, ಇಲ್ಲವಾದರೆ ಮದ್ದೆಲ್ಲ ನಾಲಗೆಗೆ.

ಅಮ್ಮನ ಮದ್ದೆಲ್ಲ ಇಷ್ಟು ದಿನ ಹೋದದ್ದು ನಾಲಗೆಗೇ. ಎರಡನೇ ಸಲ ಉಸಿರು ಕಟ್ಟಿದ್ದು ಯಾಕೆಂದು ಮುಖೇಶನಿಗೆ ಅಲ್ಲಿ ಗೊತ್ತಾಯಿತು. ಇದನ್ನು ಕಲಿಯದೆ ಅವಳು ಮನೆಗೆ ಹೋದರೆ ಮೂರನೇ ಸಲವೂ ಕಟ್ಟುತ್ತದೆ.

"ದಿನಕ್ಕೆ ಎರಡು ಸಲ ಬರ್ತಾಳೆ ಮಾರಾಯ. ನನ್ನ ಅಮ್ಮನೂ ನನ್ನನ್ನು ಇಷ್ಟು ನೋಡಿಕೊಂಡದ್ದಿಲ್ಲ," ಎಂದರು ಯೂಸ್ಟೇಸ್.

"ಕೆಳಗೂ ಬರ್ಲಿಕ್ಕೆ ಆಗ್ತದಾ?" ಎಂದು ಮುಖೇಶ ಆನ್ಸಿಯನ್ನು ಕೇಳಿದ.

ಅವಳ ಮುಖ ಸಣ್ಣದಾಯಿತು. "ಡಾಕ್ಟರ್ ಬರೆದು ಕೊಡಬೇಕು. ಸೇದುವವರಿಗೆ ಬರೆಯುವುದಿಲ್ಲ. ಬಿಟ್ಟವರಿಗೆ ಮಾತ್ರ."

"ನಾನು ಬಿಟ್ಟವನು," ಎಂದರು ಯೂಸ್ಟೇಸ್. "ಯಾವಾಗ ಬಿಟ್ಟಿರಿ ಸರ್ ಅಂತ ದೊಡ್ಡ ಡಾಕ್ಟರು ಕೇಳಿದರು. ಮಂಗಳವಾರ ಅಂದೆ. ವೆರಿ ಗುಡ್ ಅಂದರು."

ಶನಿವಾರ ಡಿಸ್ಚಾರ್ಜ್ ಎಂದಿದ್ದರು. ಆ ಬೆಳಿಗ್ಗೆ ದೊಡ್ಡ ಡಾಕ್ಟರು ವಿದ್ಯಾರ್ಥಿಗಳ ಹಿಂಡಿನೊಂದಿಗೆ ಬಂದರು. ಮೇಲಿನ ಮಾಳಿಗೆಯಲ್ಲಿ 'ಸರ್' ಎನ್ನುವ ಅದೇ ಬಾಯಿ ಇಲ್ಲಿ, "ಎಂತಮ್ಮ, ಬೀಡಿ ಬಿಟ್ಟೆಯಾ?" ಎಂದಿತು.

"ಬಿಟ್ಟರೆ ಊಟಕ್ಕೆ ಎಂತ ಮಾಡುವುದು ಡಾಕ್ಟ್ರೇ?"

ವಿದ್ಯಾರ್ಥಿಗಳು ನಕ್ಕರು. ಮುಖೇಶ ಬಾಯಿ ತೆರೆಯುವ ಮೊದಲೇ ಪಕ್ಕದ ಮಂಚದ ಮುಮ್ತಾಝ್ ಎದ್ದು ಕೂತಳು.

"ನಗುವುದೆಂತಕ್ಕೆ? ಕುಶಲಕ್ಕ ಬೀಡಿ ಕಟ್ಟುವವರು. ನಾನೂ ಕಟ್ಟುವವಳೇ. ಈ ಸಾಲಿನಲ್ಲಿ ಸೇದುವವರು ಒಬ್ಬರೂ ಇಲ್ಲ. ಕೇಳಿದರಲ್ವಾ ಗೊತ್ತಾಗುವುದು?"

"ಓ," ಎಂದರು ದೊಡ್ಡ ಡಾಕ್ಟರು. ಸರಿಮಾಡಿ ಬರೆಯಲು ಕಿರಿಯನಿಗೆ ಸನ್ನೆ ಮಾಡಿ, ಆಗಲೇ ಮುಂದಿನ ಮಂಚದ ಕಡೆ ತಿರುಗಿದ್ದರು.

"ಹಾಗಾದ್ರೆ ಫಿಸಿಯೋ ಬರೆದು ಕೊಡಿ ಸರ್," ಎಂದ ಮುಖೇಶ.

"ಈ ವಾರ್ಡಿಗೆ ಬುಧವಾರ ಮಾತ್ರ. ನೀವು ಇವತ್ತು ಹೋಗುವವರಲ್ವಾ?"

"ಮೇಲೆ ದಿನಕ್ಕೆ ಎರಡು ಸಲ ಉಂಟಲ್ಲ?"

"ಅದು ಸ್ಪೆಷಲ್ ವಾರ್ಡ್."

ಎಂದರೆ ಬೀಡಿ ಬರೀ ನೆಪ. ಬೀಡಿಯ ತಪ್ಪು ಒಂದು 'ಓ'ನಲ್ಲಿ ಸರಿಯಾಯಿತು. ಎರಡು ಮಾಳಿಗೆಯ ತಪ್ಪನ್ನು ಯಾರೂ ತಪ್ಪೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಳಾದ ಶ್ವಾಸಕೋಶ ಎರಡು ಕಡೆಯೂ ಒಂದೇ. ಮುಖೇಶ ಅಮ್ಮನ ಮಂಚದ ತುದಿಯಲ್ಲಿ ಕೂತುಬಿಟ್ಟ.

"ನಾವು ಹೋಗುವುದಿಲ್ಲ ಸರ್. ಉಸಿರು ಬಿಡ್ಲಿಕ್ಕೆ ಕಲಿಸಿ, ಹೋಗ್ತೇವೆ." ಸ್ವರ ಹುಲಿಯದ್ದೇನೂ ಅಲ್ಲ, ಮಳೆಗೆ ನೆನೆದ ಬೆಕ್ಕಿನದ್ದು. ಆದರೂ ಹೊರಬಂತು.

"ಏಳು ಮಗಾ, ಮನೆಗೆ ಹೋಗುವ," ಎಂದು ಕುಶಲಾ ಅಂಗಿ ಎಳೆದಳು. ಅವನು ಏಳಲಿಲ್ಲ.

"ನೋಡಿ, ಒಬ್ಬರಿಗೆ ಕಳಿಸಿದರೆ ಎಲ್ಲರೂ ಕೇಳ್ತಾರೆ," ಎಂದರು ಡಾಕ್ಟರು.

"ಕೇಳ್ಲಿ ಸರ್."

"ಎಂತ ಅದು?" ಎಂದಳು ಮುಮ್ತಾಝ್. "ನಮಗೂ ಉಂಟಾ?" ಅದರಾಚೆಯ ಮಂಚದಿಂದಲೂ ಒಂದು ತಲೆ ಎದ್ದಿತು.

ಡಾಕ್ಟರು ಗಡಿಯಾರ ನೋಡಿಕೊಂಡರು. "ಆನ್ಸಿಗೆ ಬರ್ಲಿಕ್ಕೆ ಹೇಳಿ. ಹತ್ತು ನಿಮಿಷ, ಅಷ್ಟೇ," ಎಂದು ಸಿಸ್ಟರಿಗೆ ಹೇಳಿ ನಡೆದರು.

ಸಾಲಿಗೆಲ್ಲ ಸೇರಿ ಹತ್ತು ನಿಮಿಷ. ಬೆಲೆ ಕೇಳಿ ಬೈದುಹೋಗುವ ಗಿರಾಕಿಗೂ ಥ್ಯಾಂಕ್ಸ್ ಹೇಳಿ ಅಭ್ಯಾಸವಾದ ಮುಖೇಶನಿಗೆ, ಡಾಕ್ಟರ ಬೆನ್ನಿಗೆ ಆ ಒಂದು ಶಬ್ದ ಹೇಳಲು ಬಾಯಿ ಬರಲಿಲ್ಲ.