ಒಗೆಯದ ಸ್ವೆಟರ್

ನೀರಿನ ಪ್ರಯೋಗಾಲಯದ ವ್ಯಾಸರಾಜರಿಗೆ ಕೂತಲ್ಲಿ ಕೂರಲು ಬಾರದು. ಧರಮಪೇಠದ ಮದುವೆಯೂಟದಲ್ಲೂ ಎದ್ದು ಹೋಗಿ, ಯಾರದೋ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ಕಣ್ಣಿಗೆ ಕಾಣೂದಿಲ್ರಿ," ಎನ್ನುತ್ತಾರೆ. "ಅರಿಷಿಣ ಹಾಕಿದ ಪಲ್ಯ ಇಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತಿಕ್ಕಿದ್ರೂ ಹಳದಿ ಬಿಡ್ತದೇನು? ಬರೋಬರ್ ಹಂಗ, ನೀರಾಗಿನ ಪ್ಲಾಸ್ಟಿಕ್ ಪುಡಿ ಕೀಟನಾಶಕ, ಎಣ್ಣಿ, ಸಿಕ್ಕಿದ್ದೆಲ್ಲಾ ಹಿಡಕೊಂಡು ಕೂಡ್ತದ." ಪರೀಕ್ಷೆಗೆ ನೀರಿನ ಮಾದರಿ ತರಲು ಗಾಜಿನ ಬಾಟಲಿ ಹೊತ್ತು ಕನ್ಹಾನ್ ನದಿಗೆ ಹೊರಟರೆ ಜೊತೆಯವರ ಅಂಗಿ ಮುಟ್ಟಿ ನೋಡುತ್ತಾರೆ, ಹತ್ತಿಯದಲ್ಲದಿದ್ದರೆ, ಪ್ಲಾಸ್ಟಿಕ್ ಎಳೆ ಉದುರಿ ಮಾದರಿ ಕೆಡುತ್ತದೆಂದು ಜೀಪಿನಿಂದಲೇ ಇಳಿಸುತ್ತಾರೆ. ಅಂಥವರು ಒಮ್ಮೆ, ಹೋಲಿಸಿ ನೋಡಲು ಇಟ್ಟ, ಏನೂ ಇರಬಾರದ ಶುದ್ಧ ನೀರಿನಲ್ಲಿ ಕೆಂಪು ಎಳೆ ಕಂಡು ಇಡೀ ಪ್ರಯೋಗಾಲಯವನ್ನು ಬೈದಾಡಿ, ಅದು ತಾವೇ ಹಾಕಿಕೊಂಡಿದ್ದ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ನೂಲಿನ ಸ್ವೆಟರಿನದೆಂದು ಗೊತ್ತಾದಾಗ ಅದನ್ನು ಕಳಚಿ ಮನೆಗೆ ಒಯ್ದರು. ಅಂದಿನಿಂದ ಆ ಸ್ವೆಟರ್ ಬಜಾಜ್ ನಗರದ ಮನೆಯಲ್ಲಿ, ಬಾಗಿಲ ಹಿಂದಿನ ಗೂಟದಲ್ಲೇ ನೇತಾಡುತ್ತಿದೆ. ಮಗಳು ಯಶಸ್ವಿನಿ, "ಅಪ್ಪಾ, ವಾಸನಿ ಬರ್ಲಿಕ್ಕತ್ತದ, ಕೊಡ್ರಿ, ಒಗೀತೀನಿ" ಎಂದಾಗಲೆಲ್ಲ, "ಬ್ಯಾಡ, ಎಳಿ ಎಲ್ಲಾ ನದಿಗೆ ಹೋಗ್ತಾವ" ಎಂದುಬಿಡುತ್ತಾರೆ. ತೀರಿಕೊಂಡ ವರ್ಷದ ಚಳಿಗೆ ಹೆಂಡತಿ ಹೇಮಲತಾ ಹಾಕಿಕೊಂಡಿದ್ದು ಅದನ್ನೇ. ಅವರ ತಲೆಯೆಣ್ಣೆಯ ವಾಸನೆಯನ್ನು ಆ ನೂಲು ಇನ್ನೂ ಬಿಟ್ಟಿಲ್ಲ. ಬೆಳಗ್ಗೆ ಆ ಗೂಟದ ಮುಂದೆ ಮಾತ್ರ ವ್ಯಾಸರಾಜರ ಕಾಲುಗಳು ಒಂದು ಗಳಿಗೆ ನಿಲ್ಲುತ್ತವೆ.