ಜಟ್ಟಪ್ಪ ಬಿಡಿಸಿದ ಉಂಗುರ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಜಟ್ಟಪ್ಪನ ಮಗಳ ಮದುವೆಗೆ ನಾವು ಹೇಳಿದ್ದು ಒಂದೇ ಸುಳ್ಳು, ಅದೂ ಅರ್ಧ. ಅದನ್ನು ಹೇಳಿಕೊಟ್ಟವಳು ನಾನು. ಮೂವತ್ತೊಂದು ವರ್ಷ ನರ್ಸಾಗಿದ್ದವಳಿಗೆ ಕಂಡವರಿಗೆಲ್ಲ ಬುದ್ಧಿ ಹೇಳುವ ಚಟ ಅಷ್ಟು ಬೇಗ ಬಿಡುವುದಿಲ್ಲ.

ಜಟ್ಟಪ್ಪ ಹೊಸನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ನನ್ನ ಜೊತೆ ಕೆಲಸ ಮಾಡಿದವನು. ಸೇರಿದ್ದು ತೋಟದ ಕೆಲಸಕ್ಕೆ. ಒಂದು ದಿನ ಹಿನ್ನೀರಿನಲ್ಲಿ ಮುಳುಗಿದ ಹೆಂಗಸೊಬ್ಬಳ ಹೆಣ ಬಂತು. ಶವಾಗಾರ ನೋಡಿಕೊಳ್ಳುವವನು ಕುಡಿದು ಎಲ್ಲೋ ಬಿದ್ದಿದ್ದ. ಜಟ್ಟಪ್ಪ ಗುದ್ದಲಿ ಕೆಳಗಿಟ್ಟು ತಾನೇ ಒಳಗೆ ಹೋದ. ಆಮೇಲೆ ಇಪ್ಪತ್ತೆರಡು ವರ್ಷ ಅವನನ್ನು ಯಾರೂ ತೋಟಕ್ಕೆ ಕರೆಯಲಿಲ್ಲ. ಕುಡಿಯದೆ ಆ ಕೆಲಸ ಮಾಡಿದವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಹೆಣದ ಮೈಮೇಲಿನ ಒಡವೆ ಬಿಚ್ಚಿ ಮನೆಯವರಿಗೆ ಕೊಡಬೇಕು. ಊದಿದ ಬೆರಳಿನಿಂದ ಉಂಗುರ ಬರುವುದಿಲ್ಲ. ಉಳಿದವರು ಇಕ್ಕಳ ಹಿಡಿದು ಉಂಗುರವನ್ನೇ ಕತ್ತರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಜಟ್ಟಪ್ಪ ಕತ್ತರಿಸುತ್ತಿರಲಿಲ್ಲ. ದಾರದ ತುದಿಯನ್ನು ಉಂಗುರದಡಿ ತೂರಿಸಿ, ಉಳಿದದ್ದನ್ನು ಬೆರಳಿನ ಗಂಟು ದಾಟುವವರೆಗೆ ಒತ್ತಾಗಿ ಸುತ್ತಿ, ಸೋಪು ಹಚ್ಚಿ, ಮತ್ತೆ ಬುಡದಿಂದ ಒಂದೊಂದೇ ಸುತ್ತು ಬಿಚ್ಚುತ್ತಿದ್ದ. ಉಂಗುರ ತಾನಾಗಿ ಜರುಗಿಕೊಂಡು ಈಚೆ ಬರುತ್ತಿತ್ತು. ಅದನ್ನು ತೊಳೆದು, ಬಿಳಿ ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ, ಹೊರಗೆ ಕೂತ ಹೆಂಡತಿಯದೋ ತಾಯಿಯದೋ ಬಲಗೈಗೆ ಎರಡೂ ಕೈಯಿಂದ ಕೊಡುತ್ತಿದ್ದ. ಕೊಡುವಾಗ ಒಂದೇ ಮಾತು: ನೋಡ್ಕಳಿ ಅಮ್ಮ, ನಿಮ್ದೇ ತಾನೇ? ಡಾಕ್ಟರುಗಳಿಗೆ ಇಲ್ಲದ ಮರ್ಯಾದೆ ಅವನಲ್ಲಿತ್ತು ಎಂದು ನಾನು ಡಾಕ್ಟರುಗಳ ಎದುರಿಗೇ ಹೇಳಿದ್ದೇನೆ.

ಊರು ಅವನಿಗೆ ಇಟ್ಟ ಹೆಸರು ಮಾತ್ರ ಹೆಣದ ಜಟ್ಟಪ್ಪ. ಮಗಳು ಕಾವ್ಯಾ ಚಂದದ ಹುಡುಗಿ, ಬಿ.ಕಾಂ. ಓದಿ ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಆ ಹೆಸರಿನಿಂದ ಎರಡು ಸಂಬಂಧ ತಪ್ಪಿದವು. ಎರಡನೆಯವರಂತೂ ಕಾಫಿ ಲೋಟ ಮುಟ್ಟದೆ ಎದ್ದು ಹೋದರು. ಮೂರನೆಯದು ಜೋಗದ ಕಡೆಯಿಂದ ಬಂತು. ಹುಡುಗ ಸಚಿನ್ ಪವರ್ ಹೌಸಿನಲ್ಲಿ ಗುತ್ತಿಗೆ ಕೆಲಸದವನು. ತಂದೆ ಇಲ್ಲ, ಮನೆಯಲ್ಲಿ ತಾಯಿ ಮಾಸ್ತಮ್ಮ ಒಬ್ಬಳೇ. ಕೇಳಿದರೆ ಆಸ್ಪತ್ರೆಯಲ್ಲಿ ಅಟೆಂಡರ್ ಅಂತ ಹೇಳು, ಸಂಬಳದ ಚೀಟಿಯಲ್ಲೂ ಹಾಗೇ ಇದೆ ಎಂದು ನಾನೇ ಹೇಳಿದೆ. ಜಟ್ಟಪ್ಪ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ.

ಉಂಗುರ ಆರಿಸಲು ಸಾಗರಕ್ಕೆ ಹೋದೆವು. ನಮ್ಮ ಕಾಲದಲ್ಲಿ ನಿಶ್ಚಿತಾರ್ಥವೆಂದರೆ ವೀಳ್ಯ ಬದಲಾಯಿಸುವುದು. ಈಗ ಉಂಗುರ, ಅದೂ ಜೋಡಿ ಇರಬೇಕು. ಮಾತಾಡಲು ಜೊತೆಗೊಬ್ಬರು ಬೇಕೆಂದು ಜಟ್ಟಪ್ಪ ನನ್ನನ್ನು ಕರೆದಿದ್ದ. ಅಂಗಡಿಯಲ್ಲಿ ಹುಡುಗ ಹುಡುಗಿ ಟ್ರೇಗಳ ಮೇಲೆ ಬಗ್ಗಿದ್ದರೆ, ಇವನು ಕೈ ಬೆನ್ನಿಗೆ ಕಟ್ಟಿ ಬಾಗಿಲ ಹತ್ತಿರ ನಿಂತುಬಿಟ್ಟ. ಹೆಣ್ಣಿನ ಅಪ್ಪ ಹೀಗೆ ಕಾವಲುಗಾರನ ಹಾಗೆ ನಿಂತರೆ ಹೇಗೆ ಎಂದು ಮಾಸ್ತಮ್ಮ ನಗುತ್ತಾ ಕರೆದಳು. ಒಳ್ಳೆಯ ಹೆಂಗಸು, ಎಲ್ಲರಿಗೂ ತಾನೇ ಕುರ್ಚಿ ಎಳೆದು ಹಾಕಿದಳು.

ಅಳತೆಯ ಮಾತು ಬಂದಾಗ ಮಾತ್ರ ಜಟ್ಟಪ್ಪ ಬಾಯಿ ಬಿಟ್ಟ. ಉಂಗುರ ಒಂಚೂರು ಸಡಿಲ ಇರಲಿ ಅಂದ. ಮಾಸ್ತಮ್ಮ ಒಪ್ಪಲಿಲ್ಲ. ಮಷಿನ್ ಕೆಲಸ ಮಾಡುವ ಹುಡುಗ, ಸಡಿಲವಿದ್ದರೆ ಎಲ್ಲಾದರೂ ಕಳೆದುಕೊಳ್ಳುತ್ತಾನೆ ಎಂದು ಬಿಗಿಯಾದದ್ದನ್ನೇ ತಾನೇ ಒತ್ತಿ ಅವನ ಬೆರಳಿಗೆ ಹಾಕಿದಳು. ಹೋಯಿತು, ಆದರೆ ವಾಪಸ್ಸು ಬರಲಿಲ್ಲ. ಎಳೆದಷ್ಟೂ ಬೆರಳು ಊದಿತು. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ಸಚಿನ್ ನಗುವುದನ್ನು ನಿಲ್ಲಿಸಿದ. ಕೊನೆಗೆ ಅಂಗಡಿಯವನು ಒಳಗಿನಿಂದ ಕತ್ತರಿಸುವ ಯಂತ್ರ ತಂದ. ನಿಶ್ಚಿತಾರ್ಥದ ಉಂಗುರ ಕತ್ತರಿಸುವುದೇ ಎಂದು ಮಾಸ್ತಮ್ಮನ ಮುಖ ಕಪ್ಪಿಟ್ಟಿತು.

ನಾನು ಜಟ್ಟಪ್ಪನನ್ನು ನೋಡಿದೆ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಒಡವೆಗೆ ಬೆಲೆ ಚೀಟಿ ಕಟ್ಟುವ ದಾರ ಕೇಳಿ ತೆಗೆದುಕೊಂಡು, ಸಚಿನ್ ಎದುರು ಕೂತು, ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಎರಡು ನಿಮಿಷವೂ ಹಿಡಿಯಲಿಲ್ಲ. ಅಂಗಡಿಯ ಹುಡುಗಿಯರು ಚಪ್ಪಾಳೆ ತಟ್ಟಿದರು, ಕಾವ್ಯಾ ಅಪ್ಪನನ್ನು ಹೆಮ್ಮೆಯಿಂದ ನೋಡಿದಳು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದ ಅಭ್ಯಾಸ ಕೈಯಲ್ಲಿ ಕೂತುಬಿಟ್ಟಿರುತ್ತದೆ. ಜಟ್ಟಪ್ಪ ಉಂಗುರ ಒರೆಸಿದ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಅದರಲ್ಲಿ ಸುತ್ತಿದ. ಅಂಗಡಿಯವನಿಗೆ ಕೊಡುವುದು ಬಿಟ್ಟು ಮಾಸ್ತಮ್ಮನ ಬಲಗೈಗೆ ಎರಡೂ ಕೈಯಿಂದ ಇಟ್ಟ.

"ನೋಡ್ಕಳಿ ಅಮ್ಮ. ನಿಮ್ದೇ ತಾನೇ?"

ಮಾಸ್ತಮ್ಮ ಕೈ ಮುಚ್ಚಲಿಲ್ಲ. ಆ ಬಟ್ಟೆಯ ಗಂಟನ್ನೇ ನೋಡುತ್ತಾ ನಿಂತಳು. ಐದು ವರ್ಷದ ಹಿಂದೆ ಅವಳ ಗಂಡನ ಲಾರಿ ಹುಲಿಕಲ್ ಘಾಟಿಯಲ್ಲಿ ಮಗುಚಿತ್ತು. ಹೆಣ ಬಂದದ್ದು ನಮ್ಮಲ್ಲಿಗೇ. ಆಗ ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕುತ್ತಿದ್ದ ಕಾಲ. ಅವಳು ಕಂಡದ್ದು ಗಂಡನ ಉಂಗುರ ಕೊಟ್ಟ ಎರಡು ಕೈ, ಕೇಳಿದ್ದು ಆ ಒಂದು ಮಾತು.

"ಅವತ್ತು ಕೊಟ್ಟವ್ರು ನೀವೇನಾ?" ಅಂದಳು.

ಜಟ್ಟಪ್ಪ ಹೌದೆಂದ. ಇನ್ನೊಂದು ಸುಳ್ಳು ಅವನಿಂದ ಆಗಲಿಲ್ಲ. ಅವಳು ಕೂತು, ಅವತ್ತು ತನಗೆ ಗಂಡನ ಮುಖ ತೋರಿಸಲಿಲ್ಲ, ಹೇಗಿತ್ತು ಎಂದು ಕೇಳಿದಳು. ಮುಖಕ್ಕೆ ಏನೂ ಆಗಿರಲಿಲ್ಲ, ತಾನೇ ಒರೆಸಿ ಕಣ್ಣು ಮುಚ್ಚಿದ್ದು ಎಂದು ಇವನು ಹೇಳಿದ. ಅದು ನಿಜವೋ ಅಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಒಂದು ಅಳತೆ ದೊಡ್ಡದು ನೋಡಿ ಜೋಡಿ ಉಂಗುರ ತೆಗೆದುಕೊಂಡದ್ದಾಯಿತು. ಹೊರಗೆ ಬಂದ ಮೇಲೆ ಮಾಸ್ತಮ್ಮ ಜಟ್ಟಪ್ಪನನ್ನು ಪಕ್ಕಕ್ಕೆ ಕರೆದಳು. ಬೇಡವೆಂದು ಯಾರೂ ಹೇಳದ್ದರಿಂದ ನಾನೂ ಹೋದೆ.

"ಮದ್ವೆ ನಿಲ್ಸಲ್ಲ ನಾನು. ನಿಮ್ಮ ಮೇಲೆ ಸಿಟ್ಟೂ ಇಲ್ಲ. ಆದ್ರೆ ಧಾರೆ ಮಾತ್ರ ನಿಮ್ಮ ತಮ್ಮ ಎರೀಲಿ. ಆ ಕೈ ನನ್ ಮಗನ ಕೈ ಮೇಲೆ ಬಂದ್ರೆ ನಂಗೆ ನೋಡಕ್ಕಾಗಲ್ಲ."

ಅವಳ ಮಾತು ಮುಗಿಯುವ ಮೊದಲೇ ಜಟ್ಟಪ್ಪ ಆಗಲಿ ಅಂದಿದ್ದ. ನನಗೆ ಮೈ ಉರಿಯಿತು. ಆದರೆ ಅವಳನ್ನು ಬೈಯಲು ಬಾಯಿ ಬರಲಿಲ್ಲ. ಗಂಡನನ್ನು ಕಳೆದುಕೊಂಡವಳು ಅವಳು, ನಾನಲ್ಲ. ಮೊದಲೇ ನಿಜ ಹೇಳಿದ್ದರೆ ಈ ಸಂಬಂಧವೂ ತಪ್ಪುತ್ತಿತ್ತೋ ಏನೋ. ಜಟ್ಟಪ್ಪನ ಹೆಂಡತಿ ಬಂಗಾರಮ್ಮನನ್ನಂತೂ ಯಾರೂ ಕೇಳಲಿಲ್ಲ. ಗಂಡ ಎರೆಯದಿದ್ದರೆ ಅವಳೂ ಎರೆಯುವ ಹಾಗಿಲ್ಲ ಎನ್ನುವುದು ನನಗೂ ಬಸ್ಸು ಹತ್ತಿದ ಮೇಲೆಯೇ ಹೊಳೆದದ್ದು.

ಮದುವೆಯ ದಿನ ಚಿಕ್ಕಪ್ಪ ತಿಮ್ಮಣ್ಣ ಮತ್ತು ಅವನ ಹೆಂಡತಿ ಧಾರೆ ಎರೆದರು. ಬಂಗಾರಮ್ಮ ಮಂಟಪದ ಕಂಬ ಹಿಡಿದು ನಿಂತು ಸೆರಗಿನಲ್ಲಿ ಬಾಯಿ ಒತ್ತಿಕೊಂಡಿದ್ದಳು. ಜಟ್ಟಪ್ಪ ಅಲ್ಲಿರಲಿಲ್ಲ. ಊಟದ ಹಾಲ್ ಹಿಂದೆ, ಅಂದು ನಲ್ಲಿ ಕೆಟ್ಟಿದ್ದರಿಂದ, ನೀರು ತುಂಬಿದ ದೊಡ್ಡ ಕೊಳದಪ್ಪಲೆ ಪಕ್ಕ ಚೊಂಬು ಹಿಡಿದು ಉಂಡವರ ಕೈಗೆ ನೀರು ಹಾಕುತ್ತಿದ್ದ. ಈ ಕೆಲಸ ನಿನಗೇಕೆ ಎಂದು ಗದರಿದರೆ, ಕೈಗೊಂದು ಕೆಲಸ ಬೇಕಲ್ಲ ಸಿಸ್ಟರೇ ಅಂದ.

ಅಷ್ಟರಲ್ಲಿ ಕಾವ್ಯಾ ಬಾಸಿಂಗವನ್ನೂ ಬಿಚ್ಚದೆ ಒಬ್ಬಳೇ ಹಿಂದಿನ ಬಾಗಿಲಿನಿಂದ ಬಂದಳು. ಇನ್ನೂ ಊಟ ಮಾಡಿರಲಿಲ್ಲ. ಅಪ್ಪನ ಎದುರು ನಿಂತು ಎರಡೂ ಕೈ ಜೋಡಿಸಿ ಒಡ್ಡಿದಳು. ಯಾರಾದರೂ ನೋಡುತ್ತಿದ್ದಾರೋ ಎಂದು ಜಟ್ಟಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ.

"ಹಾಕು ಅಪ್ಪ," ಅಂದಳು.

ಅವನು ಹಾಕಿದ. ಚೊಂಬು ಖಾಲಿಯಾಗುವವರೆಗೂ ಅವಳು ಕೈ ತೆಗೆಯಲಿಲ್ಲ.