ಅಮಲಿಗೆ ಬಂದ ಕಾಯ್ದೆ

ನಮ್ಮ ಕಡೆ ‘ಅಮಲು’ ಎಂಬ ಮಾತಿಗೆ ಎರಡು ಅರ್ಥ. ಕುಡಿದವನ ತಲೆಗೆ ಏರುವುದೂ ಅಮಲು, ಸರ್ಕಾರದ ಹುಕುಂ ಜಾರಿಗೆ ಬರುವುದೂ ಅಮಲು. ಕಚೇರಿಯವರು ‘ಕಾಯ್ದೆ ಅಮಲಿಗೆ ಬಂತು’ ಎಂದರೆ ಯಾರೂ ನಗುವುದಿಲ್ಲ. ಆದರೆ ಈ ಒಂದು ಮಾತಿನ ಗೊಂದಲದಲ್ಲಿ ಒಬ್ಬ ಹೆಂಗಸಿನ ಅನ್ನ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ನನ್ನ ತವರು ಕೌಜಲಗಿ. ಅಲ್ಲಿ ಜೋಳ ಬಿಟ್ಟರೆ ಹತ್ತಿ. ಕಣಗಲಾಕ್ಕೆ ಸೊಸೆಯಾಗಿ ಬಂದ ಮೇಲೆಯೇ ನಾನು ತಂಬಾಕಿನ ಹೊಲ ನೋಡಿದ್ದು. ಗಂಡನ ಮನೆಯಲ್ಲಿ ಅಟ್ಟದ ಮೇಲೆ ತಂಬಾಕು, ಪಡಸಾಲೆಯಲ್ಲಿ ತಂಬಾಕು, ಕುಡಿಯುವ ಮಜ್ಜಿಗೆಯಲ್ಲೂ ಅದರದೇ ವಾಸನೆ. ಮೊದಲ ಸುಗ್ಗಿಯಲ್ಲಿ ಸೀನಿ ಸೀನಿ ನನಗೆ ಸಾಕುಸಾಕಾಗಿತ್ತು. ನನ್ನ ಗಂಡ ಅದನ್ನು ನೋಡಿ ನಗುತ್ತಿದ್ದ.

ನಾನು ಬರುವ ಮೊದಲೇ ಗಂಡನ ತಾಯಿ ತೀರಿಕೊಂಡಿದ್ದರು. ಮನೆಯಲ್ಲಿ ದೊಡ್ಡ ಹೆಂಗಸೆಂದರೆ ಮಾವನ ತಂಗಿ ಒಬ್ಬಳೇ. ಗಂಡನನ್ನು ಕಳೆದುಕೊಂಡು ಚಿಕ್ಕ ವಯಸ್ಸಿನಲ್ಲೇ ತವರಿಗೆ ಬಂದವಳು, ಹಿತ್ತಲಿನ ಖೋಲಿಯಲ್ಲಿ ಬೇರೆ ಒಲೆ ಹೂಡಿಕೊಂಡಿದ್ದಳು. ನಾವು ಆಕೆಯನ್ನು ಅತ್ತಿ ಎನ್ನುತ್ತಿದ್ದೆವು. ಅತ್ತಿಯ ಕಸುಬು ಮಿಶ್ರಿ ಮಾಡುವುದು. ತಂಬಾಕಿನ ಎಲೆಯ ಚೂರನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸಿದರೆ ಮಿಶ್ರಿ. ಅದನ್ನು ನಮ್ಮ ಕಡೆಯ ಹೆಂಗಸರು ಮುಂಜಾನೆ ಎದ್ದು ಹಲ್ಲಿಗೆ ತಿಕ್ಕಿಕೊಳ್ಳುತ್ತಾರೆ. ಓಣಿಯ ಹೆಂಗಸರೆಲ್ಲ ಹಿತ್ತಲ ಬಾಗಿಲಿಗೆ ಡಬ್ಬಿ ಹಿಡಿದು ಬರುತ್ತಿದ್ದರು. ಬದಲಿಗೆ ಜೋಳ, ಬೇಳೆ, ಒಂದಿಷ್ಟು ಎಣ್ಣೆ ಕೊಟ್ಟು ಹೋಗುತ್ತಿದ್ದರು. ಅದರಿಂದಲೇ ಅತ್ತಿಯ ಊಟ ನಡೆಯುತ್ತಿತ್ತು.

“ಅಣ್ಣನ ಮನ್ಯಾಗ ಇದ್ದೇನಿ ಖರೆ, ಆದ್ರ ಅಣ್ಣನ ಅನ್ನ ಉಣ್ಣಾಕತ್ತಿಲ್ಲ,” ಎಂದು ಆಕೆ ನನ್ನೆದುರು ಎಷ್ಟೋ ಸಲ ಹೇಳಿದ್ದಳು. ಹಬ್ಬಕ್ಕೆ ನಾನು ಹೋಳಿಗೆ ಒಯ್ದುಕೊಟ್ಟರೆ ನನ್ನ ತಾಟು ಖಾಲಿ ಮರಳುತ್ತಿರಲಿಲ್ಲ, ಅದರಲ್ಲಿ ಏನಾದರೂ ಇಟ್ಟೇ ಕಳಿಸುತ್ತಿದ್ದಳು.

ಮಿಶ್ರಿ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ವಸಡು ಕೆಡುತ್ತದೆ, ಹೊಸಬರಿಗೆ ತಲೆ ತಿರುಗುತ್ತದೆ, ಒಮ್ಮೆ ಹತ್ತಿತೆಂದರೆ ಬಿಡುವುದಿಲ್ಲ. ನಾನು ಒಂದು ದಿನವೂ ತಿಕ್ಕಿದವಳಲ್ಲ. ದಾರೂ ಅಂಗಡಿ ಮುಚ್ಚಬೇಕೆಂದು ಎಲ್ಲರಿಗಿಂತ ಹೆಚ್ಚಾಗಿ ಬಯಸಿದವಳೂ ನಾನೇ. ಬಾಜೂ ಮನೆಯಾತ ಸಂತೆಯ ದಿನ ಕುಡಿದು ಬಂದು ಹೆಂಡತಿಯನ್ನು ಬಡಿಯುವ ಸಪ್ಪಳ ನಮ್ಮ ಅಡುಗೆ ಮನೆಗೆ ಕೇಳುತ್ತಿತ್ತು. ಹಾಗಾಗಿ ಸ್ವರಾಜ್ಯ ಬಂದ ಹೊಸತರಲ್ಲಿ ದಾರೂಬಂದಿ ಕಾಯ್ದೆಯ ಸುದ್ದಿ ಬಂದಾಗ ನನಗೆ ಹಿಗ್ಗೇ ಹಿಗ್ಗು.

ಕಚೇರಿಯವರು ಹೇಳಿ ಕಳಿಸಿದ್ದು ‘ದಾರೂಬಂದಿ ಕಾಯ್ದೆ ಅಮಲಿಗೆ ಬರುತ್ತದೆ’ ಎಂದು. ಡಂಗುರ ಸಾರುವ ವಾಲೀಕಾರ ತನಗೆ ತಿಳಿದ ಹಾಗೆ ಸಾರಿದ.

“ಕೇಳ್ರಪ್ಪಾ ಕೇಳ್ರಿ, ಅಮಲಿನ ಕಾಯ್ದೆ ಬಂದೈತಿ. ಅಮಲು ಏರೂದೆಲ್ಲಾ ಇನ್ನ ಬಂದ್.”

ಊರಿಗೆ ಊರೇ ನಕ್ಕಿತು. ಚಹಾನೂ ಬಂದೇನು, ಎಲೆ ಅಡಿಕೆಯೂ ಬಂದೇನು ಎಂದು ಕಟ್ಟೆಯ ಮೇಲೆ ವಾದ ಶುರುವಾಯಿತು. ವಾಲೀಕಾರ ತಪ್ಪು ಸಾರಿದ್ದಾನೆ ಎಂದು ಒಬ್ಬರಾದರೂ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಾದದ ರುಚಿ ಹತ್ತಿದವರು ಬಿಡುತ್ತಾರೆಯೇ? ಯಾವುದು ಅಮಲು, ಯಾವುದು ಅಲ್ಲ ಎಂದು ತೀರ್ಮಾನಿಸಲು ಚಾವಡಿಯಲ್ಲಿ ದೈವ ಕೂಡಿತು. ಊರ ಹಿರಿಯರು ಕೂಡಿ ಕೂತರೆ ನಮ್ಮಲ್ಲಿ ಅದಕ್ಕೆ ದೈವ ಎನ್ನುತ್ತಾರೆ. ಹೆಸರಿನ ದೊಡ್ಡಸ್ತಿಕೆ ನೋಡಿ. ಹೆಂಗಸರಿಗೆ ಅಲ್ಲಿ ಜಾಗವಿಲ್ಲ. ನಾವು ನಾಲ್ಕಾರು ಜನ ನೀರಿಗೆ ಹೋಗುವ ನೆಪದಲ್ಲಿ ಬಾಜೂ ಗುಡಿಯ ಗೋಡೆಯ ಹಿಂದೆ ನಿಂತು ಕೇಳುತ್ತಿದ್ದೆವು.

ದಾರೂ ಬಿಡಬೇಕೆಂದು ಎಲ್ಲರೂ ಒಪ್ಪಿದರು. ಕುಡಿಯುವವರೇ ಜೋರಾಗಿ ಒಪ್ಪಿದರು. ಗಾಂಜಾದ ಮಾತು ಬಂದಾಗ ಒಬ್ಬ ಹಿರಿಯ, “ಅದು ಸಾಧು ಸಂತರದು, ಅದರ ಗೊಡವಿ ನಮಗ ಬ್ಯಾಡ,” ಎಂದ. ಚಿಲುಮೆಯ ಮಾತು ಬಂದಾಗ ಚಿಲುಮೆ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. “ದುಡಿಯೋ ಗಂಡಸಿಗೆ ದಣಿವು ಆರಾಕ ಬೇಕಲ್ಲ, ಅದೊಂದು ಚಟ ಅಷ್ಟ,” ಎಂದರು. ಹೊಲದ ತಂಬಾಕು? ಅದು ಮಾಲು, ನಿಪ್ಪಾಣಿ ಪೇಟೆಗೆ ಹೋಗುವಂಥದ್ದು, ಅದರ ಹೆಸರನ್ನೇ ಎತ್ತಬಾರದು. ಹೀಗೆ ಒಂದೊಂದಾಗಿ ಎಲ್ಲವೂ ಪಾರಾದವು. ಕಡೆಗೆ ಒಬ್ಬ, ಬಾಯಿ ತುಂಬ ಇದ್ದ ತಂಬಾಕಿನ ರಸವನ್ನು ಬದಿಗೆ ಉಗುಳಿ ಹೇಳಿದ:

“ಹೆಣ್ಣಮಕ್ಕಳು ಮಿಶ್ರಿ ತಿಕ್ಕತಾರಲ್ಲ, ಅದು ನೋಡ್ರಿ ಅಮಲು. ಮುಂಜಾನಿ ಅದನ್ನ ತಿಕ್ಕೋತ ಕುಂತ್ರ ಒಲಿನ ಹತ್ತೂದಿಲ್ಲ.”

ಎಲ್ಲರೂ ತಲೆಯಾಡಿಸಿದರು. ನನ್ನ ಮಾವನೂ ಆಡಿಸಿದರು. ಹುಕ್ಕೇರಿಯಿಂದ ಬಂದಿದ್ದ ಕಾರಕೂನನೊಬ್ಬ, ಕಾಯ್ದೆಯಲ್ಲಿ ತಂಬಾಕಿನ ಮಾತೇ ಇಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿ ನೋಡಿದ. “ಕಾಯ್ದೆ ನಿಮ್ಮದು ಸಾಹೇಬ್ರ, ಊರು ನಮ್ಮದು,” ಎಂದು ಅವನಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟರು. ಅವನು ಅದನ್ನು ಕುಡಿಯುತ್ತ ಕೂತ.

ಅತ್ತಿಯನ್ನು ಕರೆಸಿದರು. ಸೆರಗು ಹೊದ್ದು ಚಾವಡಿಯ ಕೆಳಗೆ ನಿಂತಳು.

“ಇನ್ನ ಮ್ಯಾಲ ಮಿಶ್ರಿ ಹುರೀಬ್ಯಾಡವಾ. ಅಮಲಿನ ಪದಾರ್ಥ ಅದು,” ಎಂದ ದೈವದ ಹಿರಿಯ.

“ನಿಮ್ಮ ಹೊಲದ ಎಲೀನ ಅಲ್ಲೇನ್ರಿ ಅದು?” ಎಂದಳು ಅತ್ತಿ. “ಹೊಲದಾಗ ಇರಲಿಲ್ಲ, ನಿಮ್ಮ ಬಾಯಾಗ ಇರಲಿಲ್ಲ, ನನ್ನ ಹಂಚಿನ ಮ್ಯಾಲ ಬಂದ ಕೂಡ್ಲೆ ಅಮಲು ಬಂತೇನ್ರಿ?”

ಯಾರೋ ಕಿಸಕ್ಕೆಂದರು. ಮಾವನ ಮುಖ ಕೆಂಪಾಯಿತು.

“ಸಾಕು, ಸುಮ್ಮನಿರವಾ. ನಿನಗೇನು ಕಡಿಮಿ ಮಾಡೇನಿ ನಾ? ನಾಳಿಂದ ಒಳಗ ಬಂದು ಉಣ್ಣು.”

“ಒಳಗ ಬಂದು ಉಣ್ಣಬಾರ್ದು ಅಂತನ ಹುರ್ಯಾಕತ್ತೇನಿ ಅಣ್ಣಾ,” ಎಂದಳು ಆಕೆ.

ನನಗೆ ತಡೆಯಲಾಗಲಿಲ್ಲ. ಗೋಡೆಯ ಹಿಂದಿನಿಂದಲೇ, “ಹಂಗಾರ ಚಿಲುಮಿನೂ ಬಂದ್ ಮಾಡ್ರಿ,” ಎಂದುಬಿಟ್ಟೆ. ಜತೆಗಿದ್ದ ಹೆಂಗಸರು ಕೊಡ ಎತ್ತಿಕೊಂಡು ಓಡಿದರು. ದನಿ ಯಾರದೆಂದು ಮಾವನಿಗೆ ಗೊತ್ತಾಗದೆ ಇರುತ್ತದೆಯೇ? ಮುಂದೆ ಬಹಳ ದಿನ ಮನೆಯ ಗಂಡಸರು ನನ್ನ ಕೂಡ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ, ನನಗೇನು ಊಟ ಸೇರದೆ ಹೋಗಲಿಲ್ಲ.

ಅತ್ತಿಯ ಹಂಚನ್ನು ವಾಲೀಕಾರ ಒಯ್ದು ಚಾವಡಿಯಲ್ಲಿ ಇಟ್ಟ. ಮನೆಯಲ್ಲಿದ್ದ ಕಾಳು ತೀರುವ ತನಕ ಅತ್ತಿ ತನ್ನ ಒಲೆಯಲ್ಲೇ ಬೇಯಿಸಿಕೊಂಡಳು. ಆಮೇಲೆ ಒಳಗೆ ಬಂದಳು. ಎಲ್ಲರದೂ ಆದ ಮೇಲೆ, ನಾನು ಎಷ್ಟು ಕರೆದರೂ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಒಂದೇ ರೊಟ್ಟಿ ತಿನ್ನುತ್ತಿದ್ದಳು. ಸುಗ್ಗಿ ಬಂತು. ಹೇಗೂ ಒಲೆ ಉರಿಯುತ್ತಿಲ್ಲವಲ್ಲ ಎಂದು ಆಕೆಯ ಖೋಲಿಯಲ್ಲಿ ತಂಬಾಕಿನ ಮೂಟೆ ಒಟ್ಟಿದರು. ಆಕೆಯ ಹಾಸಿಗೆ ಅಡುಗೆ ಮನೆಗೆ ಬಂತು. ಯಾರೂ ಆಕೆಯನ್ನು ಒಂದು ಮಾತು ಕೇಳಲಿಲ್ಲ.

ಇನ್ನು ಊರಿನ ಹೆಂಗಸರು ಮಿಶ್ರಿ ಬಿಟ್ಟರೇ? ಎಲ್ಲಿ ಬಿಟ್ಟರು! ಚಟ ಹತ್ತಿದವರಿಗೆ ತಲೆಶೂಲೆ, ಸಿಡುಕು, ಮನೆಮನೆಯಲ್ಲೂ ಜಗಳ. ಸುಗ್ಗಿ ಮುಗಿಯುವುದರೊಳಗೆ ಅದೇ ದೈವದ ಗಂಡಸರು ತಂಬಾಕು ಮಾರಲು ಹೋದಾಗ ನಿಪ್ಪಾಣಿಯ ಅಂಗಡಿಯಿಂದ ಹೆಂಡಂದಿರಿಗೆ ಮಿಶ್ರಿಯ ಪುಡಿಕೆ ಕಟ್ಟಿಸಿಕೊಂಡು ಬರತೊಡಗಿದರು. ಇದು ಅಮಲಲ್ಲವೇನು ಎಂದು ನಾನು ಗಂಡನನ್ನು ಕೇಳಿದೆ.

“ಇದು ಪೇಟಿ ಮಾಲು,” ಎಂದ ಮಹಾರಾಯ, ನನ್ನ ಮುಖ ನೋಡದೆ.

ಮಾವನೂ ತಂಗಿಗೆಂದು ತಂದರು. ತಂದು, ಬೇಕಾದರೆ ಬಂದು ಕೇಳಲಿ ಎಂದು, ಪಡಸಾಲೆಯಲ್ಲಿ ತಾವು ಕೂರುವಲ್ಲಿನ ಗೋಡೆಯ ಗೂಡಿನಲ್ಲಿ ಇಟ್ಟುಕೊಂಡರು. ಅತ್ತಿ ಕೇಳಲಿಲ್ಲ. ಹುರಿದು ಹುರಿದು ಆಕೆಗೂ ಅದು ಹತ್ತಿತ್ತು. ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಿದ್ದಳೇ ಹೊರತು ಕೇಳಲಿಲ್ಲ. ನಾನೇ ತೆಗೆದು ಕೊಡಲು ಹೋದರೆ, “ಕದ್ದಿದ್ದು ನನಗ ಬ್ಯಾಡ,” ಎಂದಳು.

ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಮಾವ ಇಬ್ಬರು ಹಿರಿಯರ ಜೊತೆ ಕೂತು ತಂಬಾಕಿನ ಎಲೆಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುತ್ತಿದ್ದರು. ಅತ್ತಿ ಎದ್ದು ಹೋಗಿ ಅವರ ಮುಂದೆ ನಿಂತಳು.

“ಅಣ್ಣಾ, ಒಂದೀಟು ಮಿಶ್ರಿ ಕೊಡು.”

ಮಾವ ಗೂಡಿನಿಂದ ಪುಡಿಕೆ ತೆಗೆದು ಒಂದು ಚಿಟಿಕೆ ಆಕೆಯ ಅಂಗೈಗೆ ಹಾಕಿದರು. ಕೂತವರ ಕಡೆ ತಿರುಗಿ, “ಹೆಣ್ಣ ಜಾತಿ ಬಿಟ್ಟೀತೇನ್ರಿ?” ಎಂದರು. ಬಾಯಿ ತುಂಬಿದ್ದರಿಂದ ಆ ಇಬ್ಬರೂ ತುಟಿ ಬಿಚ್ಚದೆಯೇ ನಕ್ಕರು.

ಅತ್ತಿ ಮುಷ್ಟಿ ಮುಚ್ಚಿಕೊಂಡು ಒಳಗೆ ಬಂದಳು. ನಾನು ಕಣ್ಣೀರು ಒರೆಸಿಕೊಳ್ಳುವುದನ್ನು ನೋಡಿ ನನ್ನ ಬಾಜೂ ಕೂತಳು.

“ನೀ ಯಾಕ ಅಳ್ತಿ? ಇವತ್ತ ಒಂದಿನ ಅಷ್ಟ. ನಾಳಿಂದ ನನಗ ಕೇಳಾಕ ನಾಚಿಕಿ ಆಗೂದಿಲ್ಲ ಬಿಡು,” ಎಂದಳು.